ನಮ್ಮ ಓಣಿ ರಸ್ತೆ ಕೆಟ್ಟಿದೆ, ಹೊರಗಿನ ಗಾಡಿ ಬಂದ್ ಮಾಡಿದರೆ ಉಳಿಯುತ್ತದಾ?

ಈ ಪ್ರಶ್ನೆ ಮತ್ತೆ ಬಂದಿದೆ. ಈ ಸಲ ಬಳ್ಳಾರಿಯ ಗಾಂಧಿನಗರದಿಂದ, ಹಿಂದಿನ ಸಲ ಕಪ್ಪಗಲ್ ರಸ್ತೆ ಕಡೆಯಿಂದ. ಮುಖ್ಯರಸ್ತೆಯಲ್ಲಿ ಸ್ವಲ್ಪ ಜಾಮ್ ಆದರೆ ಸಾಕು, ಬೈಕು, ಆಟೋ, ಕಾರು ಎಲ್ಲ ಇವರ ಕ್ರಾಸಿಗೆ ನುಗ್ಗುತ್ತವೆ. ಎರಡೂ ತುದಿಗೆ ಕಲ್ಲು ನೆಟ್ಟು ಗೇಟ್ ಹಾಕಿಬಿಡೋಣ ಅಂತ ಓಣಿಯವರು ಮಾತಾಡಿಕೊಂಡಿದ್ದಾರೆ.

ಎಲ್ಲ ಗಾಡಿ ನಿಲ್ಲಿಸಬೇಡಿ. ಭಾರದ ಗಾಡಿ ನಿಲ್ಲಿಸಿ, ಚರಂಡಿ ಸರಿ ಮಾಡಿಸಿ.

"ಗಾಡಿ ಜಾಸ್ತಿಯಾಗಿ ರಸ್ತೆ ಹಾಳಾಯ್ತು" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ರಸ್ತೆ ಕೆಡಿಸುವುದು ಗಾಡಿಯ ಅಚ್ಚಿನ (ಆಕ್ಸಲ್) ಮೇಲಿನ ಭಾರ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿ ಓಡಿಸಿ ಇದನ್ನು ಅಳೆದರು. ಅಚ್ಚಿನ ಭಾರ 2 ಪಟ್ಟಾದರೆ ಹಾನಿ ಹೆಚ್ಚುಕಮ್ಮಿ 16 ಪಟ್ಟು. ಅಂದರೆ 2×2×2×2. ಈಗ ಕಾರಿನ ಒಂದು ಅಚ್ಚಿಗೆ ಅರ್ಧ ಟನ್ ಹಿಡಿಯಿರಿ, ತುಂಬಿದ ಜಲ್ಲಿ ಲಾರಿಯ ಹಿಂದಿನ ಅಚ್ಚಿಗೆ 10 ಟನ್. ಭಾರ 20 ಪಟ್ಟು. 20×20×20×20 ಎಂದರೆ 1,60,000! ಆ ಒಂದು ಅಚ್ಚು ಒಮ್ಮೆ ಹಾದರೆ ಕಾರಿನ ಅಚ್ಚು ಅಷ್ಟು ಸಲ ಹಾದ ಹಾಗೆ. ಸ್ಕೂಟರ್ ಲೆಕ್ಕಕ್ಕೇ ಬರುವುದಿಲ್ಲ. ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿದಾಗ ನಂಬದೆ ಎರಡನೇ ಸಲ ಗುಣಿಸಿ ನೋಡುವ ಹುಡುಗರನ್ನು ಕಂಡರೆ ನನಗೆ ತುಂಬಾ ಹೆಮ್ಮೆ.

ಹಾಗಾದರೆ ಆ ಲಾರಿ ನಿಮ್ಮ ಓಣಿಗೆ ಯಾಕೆ ಬಂತು? ಮನೆ ಕಟ್ಟುವವರಿಗೆ ಮರಳು, ಜಲ್ಲಿ ತಂದಿತು. ಬೇಸಿಗೆಯಲ್ಲಿ ಟ್ಯಾಂಕರ್ ಬಂತು. 5,000 ಲೀಟರ್ ಎಂದರೆ ನೀರೇ 5 ಟನ್. ಇವೆಲ್ಲ ಓಣಿಯವರೇ ಕರೆಸಿದ ಗಾಡಿಗಳು, ಅಲ್ವಾ? ಗೇಟ್ ಹಾಕಿದರೂ ಇವಕ್ಕೆ ತೆಗೆಯಲೇಬೇಕು.

ಇನ್ನೊಂದು ಶತ್ರು ನೀರು. ನಮ್ಮಲ್ಲಿ ಎಷ್ಟೋ ಬಡಾವಣೆ ಎದ್ದಿದ್ದು ಎರೆ ಹೊಲದ ಮೇಲೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಚರಂಡಿ ಕಟ್ಟಿಕೊಂಡು ನೀರು ರಸ್ತೆ ಬದಿ ನಿಂತರೆ ಒಂದು ಗಾಡಿ ಓಡದಿದ್ದರೂ ಡಾಂಬರು ಬಿರುಕು ಬಿಡುತ್ತದೆ.

ಮಕ್ಕಳು ಆಡುತ್ತಾರೆ, ಧೂಳು, ಹಾರ್ನ್ ಕಾಟ ಅಂತ ಬಂದ್ ಕೇಳಿದರೆ ಅದು ನ್ಯಾಯವಾದ ಮಾತು. ಆದರೆ ಕಲ್ಲು ನೆಡುವ ಅಧಿಕಾರ ನಿಮಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಅದನ್ನು ಸರ್ಕಾರಕ್ಕೆ, ಅದು ಒಪ್ಪಿಸಿದ ಅಧಿಕಾರಿಗೆ ಕೊಟ್ಟಿದೆ. ಒಂದು ತಿಂಗಳು ಮೀರದ ತಡೆಗೆ ಗೆಜೆಟ್ ಪ್ರಕಟಣೆಯೂ ಬೇಕಿಲ್ಲ. ಹಾಗಾಗಿ ಪಾಲಿಕೆಗೂ ಸಂಚಾರ ಪೊಲೀಸರಿಗೂ ಕೊಡುವ ಅರ್ಜಿಯಲ್ಲಿ "ಹಾದುಹೋಗುವ ಭಾರದ ಗಾಡಿ ಒಂದು ತಿಂಗಳು ನಿಲ್ಲಿಸಿ ನೋಡಿ" ಅಂತ ಬರೆಯಿರಿ. ಯಾವ ಗಾಡಿ ಎಷ್ಟು ಸಲ ಬಂತು ಅಂತ ಮೂರು ದಿನ ಬರೆದಿಟ್ಟ ಪಟ್ಟಿ ಜೊತೆಗಿರಲಿ.

ನೀವು ಕೇಳದಿದ್ದರೂ ಒಂದು ಹೇಳಿಬಿಡುತ್ತೇನೆ. ಹೊಸ ಡಾಂಬರಿಗೆ ಮುಂಚೆ ಹಳೆಯದನ್ನು ಕೆರೆದು ತೆಗೆಸಿ. ಸುಮ್ನೆ ಪದರದ ಮೇಲೆ ಪದರ ಬಿದ್ದರೆ ರಸ್ತೆ ಏರುತ್ತದೆ, ನಿಮ್ಮ ಹೊಸ್ತಿಲು ತಗ್ಗಾಗುತ್ತದೆ, ಮಳೆ ನೀರು ಒಳಗೆ ಬರುತ್ತದೆ. ಕೆಲಸ ಶುರುವಾಗುವ ಮುಂಚೆ ಕಾಂಪೌಂಡ್ ಗೋಡೆಯ ಮೇಲೆ, ರಸ್ತೆಯಿಂದ ಸರಿಯಾಗಿ ಒಂದು ಅಡಿ ಎತ್ತರಕ್ಕೆ, ಬಣ್ಣದ ಗೆರೆ ಎಳೆದಿಡಿ. ಕೆಲಸ ಮುಗಿದ ದಿನ ಇಂಜಿನಿಯರ್ ಎದುರಿಗೇ ಅಳೆಯಿರಿ.