ಗಗನಯಾನಿ ಗ್ಲೆನ್, ‘ತಿದ್ದುಪಡಿ’ ಗ್ಲೆನ್

ಹಾಸನದಲ್ಲಿ ಶಾಲೆ ಕಲಿತ ನಮ್ಮ ತಲೆಮಾರಿನವರಿಗೆ ಜಾನ್ ಗ್ಲೆನ್ ಎಂದರೆ ಒಂದು ಅಂಕದ ಪ್ರಶ್ನೆಗೆ ಉತ್ತರ. ಭೂಮಿಯನ್ನು ಸುತ್ತಿ ಬಂದ ಮೊದಲ ಅಮೆರಿಕನ್ ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ಯಾರಾದರೊಬ್ಬರು ಥಟ್ಟನೆ ಕೈ ಎತ್ತುತ್ತಿದ್ದರು. ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ ಊರಿನಲ್ಲಿ ಇಂತಹ ಹೆಸರುಗಳು ಕಿವಿಗೆ ಬೀಳುವುದು ಸಹಜ. ಜನರ ಬಾಯಲ್ಲಿ ಅದು ಬರೀ ‘ಎಂಸಿಎಫ್’. ಆದರೆ 1998ರ ಮೇ ತಿಂಗಳಲ್ಲಿ, ಪೋಖರಾನ್ ಪರೀಕ್ಷೆಯ ಬೆನ್ನಿಗೇ, ‘ಗ್ಲೆನ್ ತಿದ್ದುಪಡಿ’ಯ ಅನ್ವಯ ಭಾರತದ ಮೇಲೆ ದಿಗ್ಬಂಧನ ಎಂಬ ಸುದ್ದಿ ಬಂದಾಗ, ಆ ಗ್ಲೆನ್ ಮತ್ತು ಈ ಗ್ಲೆನ್ ಒಬ್ಬರೇ ಎಂದು ಹೊಳೆದವರು ಕಡಿಮೆ. ನನಗಂತೂ ಹೊಳೆದಿರಲಿಲ್ಲ.

ಅಮೆರಿಕದ ಪತ್ರಿಕೆಗಳು 2016ರ ಡಿಸೆಂಬರ್ 8ರಂದು ತೀರಿಕೊಂಡ ಗ್ಲೆನ್ ಅವರನ್ನು ನೆನೆದದ್ದು ಹೆಚ್ಚಾಗಿ ಗಗನಯಾನಿಯೆಂದು. ಅದು ಅವರಿಗೆ ಸಹಜ. ನಮ್ಮ ಕಡೆಯಿಂದ ನೋಡಿದರೆ ಅವರ ಬದುಕಿನ ಹೆಚ್ಚು ಭಾರವಾದ ಭಾಗ ಇರುವುದು ಸೆನೆಟ್‌ನಲ್ಲಿ ಕಳೆದ 24 ವರ್ಷಗಳಲ್ಲಿ.

ಗ್ಲೆನ್ ಹುಟ್ಟಿದ್ದು 1921ರ ಜುಲೈ 18ರಂದು, ಓಹಾಯೊ ರಾಜ್ಯದ ಕೇಂಬ್ರಿಡ್ಜ್ ಎಂಬ ಸಣ್ಣ ಊರಿನಲ್ಲಿ. ಮರೀನ್ ದಳದ ಪೈಲಟ್ ಆಗಿ ಎರಡನೇ ಮಹಾಯುದ್ಧದಲ್ಲಿಯೂ ಕೊರಿಯಾ ಯುದ್ಧದಲ್ಲಿಯೂ ಹಾರಿದರು. ಕೊರಿಯಾದಲ್ಲಿ ಮೂರು ಮಿಗ್-15 ವಿಮಾನಗಳನ್ನು ಹೊಡೆದುರುಳಿಸಿದರು. ಆಮೇಲೆ ಮೇರಿಲ್ಯಾಂಡ್‌ನ ಪ್ಯಾಟಕ್ಸೆಂಟ್ ರಿವರ್‌ನಲ್ಲಿರುವ ನೌಕಾಪಡೆಯ ಟೆಸ್ಟ್ ಪೈಲಟ್ ಶಾಲೆ ಸೇರಿ 1954ರಲ್ಲಿ ತೇರ್ಗಡೆಯಾದರು. ಹೊಸ ವಿಮಾನವೊಂದನ್ನು ಅದರ ಮಿತಿಯವರೆಗೂ ಒಯ್ದು, ಎಲ್ಲಿ ತಪ್ಪುತ್ತದೆ ಎಂಬುದನ್ನು ಗುರುತು ಹಾಕಿಕೊಂಡು, ಜೀವಸಹಿತ ಮರಳಿ ಬಂದು ವರದಿ ಬರೆಯುವುದು ಅಲ್ಲಿನ ಕೆಲಸ. 1957ರ ಜುಲೈ 16ರಂದು ಕ್ರುಸೇಡರ್ ಜೆಟ್ ವಿಮಾನವನ್ನು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್‌ಗೆ 3 ಗಂಟೆ 23 ನಿಮಿಷಗಳಲ್ಲಿ ಹಾರಿಸಿದಾಗ ಇಡೀ ದೇಶಕ್ಕೆ ಅವರ ಹೆಸರು ಗೊತ್ತಾಯಿತು. ಎರಡು ವರ್ಷಗಳ ನಂತರ ನಾಸಾ ಆಯ್ದುಕೊಂಡ ಮೊದಲ ಏಳು ಗಗನಯಾನಿಗಳಲ್ಲಿ ಅವರೂ ಒಬ್ಬರಾದರು.

1962ರ ಫೆಬ್ರವರಿ 20ರ ಯಾನದ ಎರಡು ಸಂಗತಿಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಕಥೆಗೆ ಅವು ಬೇಕಾಗುತ್ತವೆ. ‘ಫ್ರೆಂಡ್‌ಶಿಪ್ 7’ ನೌಕೆ ಮೊದಲ ಸುತ್ತು ಮುಗಿಸುವ ಹೊತ್ತಿಗೆ ಅದನ್ನು ನೇರವಾಗಿ ಹಿಡಿದಿಡಬೇಕಾದ ಸ್ವಯಂಚಾಲಿತ ವ್ಯವಸ್ಥೆ ಕೈಕೊಡಲಾರಂಭಿಸಿತು. ನೌಕೆ ಪಕ್ಕಕ್ಕೆ ವಾಲುತ್ತ ಹೋಯಿತು. ಗ್ಲೆನ್ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು ಉಳಿದ ಯಾನದ ಬಹುಪಾಲನ್ನು ತಾವೇ ನಡೆಸಿದರು. ಎರಡನೆಯದು, ನೌಕೆಯ ಅಡಿಯ ಉಷ್ಣಕವಚ ಸಡಿಲಗೊಂಡಿದೆ ಎಂದು ನೆಲದ ಪರದೆಯಲ್ಲಿ ಮೂಡಿದ ಸೂಚನೆ. ಅದು ನಿಜವೇ ಆಗಿದ್ದರೆ ವಾತಾವರಣ ಸೇರುವಾಗ ನೌಕೆ ಸುಟ್ಟು ಬೂದಿಯಾಗಬೇಕಿತ್ತು. ಕಳಚಿ ಎಸೆಯಬೇಕಾಗಿದ್ದ, ನೌಕೆಯ ವೇಗ ತಗ್ಗಿಸುವ ರೆಟ್ರೊ ರಾಕೆಟ್‌ಗಳ ಕಟ್ಟನ್ನು ಹಾಗೆಯೇ ಬಿಟ್ಟರೆ ಅದರ ಪಟ್ಟಿಗಳು ಕವಚವನ್ನು ಹಿಡಿದುಕೊಂಡಾವು ಎಂಬ ಆಸೆಯಿಂದ ಅದನ್ನು ಕಳಚದೆ ಇಳಿಸಿದರು. ಉರಿಯುವ ಲೋಹದ ಚೂರುಗಳು ಕಿಟಕಿಯ ಮುಂದೆಯೇ ಹಾದುಹೋಗುವುದನ್ನು ಗ್ಲೆನ್ ಕಂಡರು. ಉರಿಯುತ್ತಿರುವುದು ಆ ಕಟ್ಟೋ ಕವಚವೋ ಅವರಿಗೆ ತಿಳಿಯುವಂತಿರಲಿಲ್ಲ. 4 ಗಂಟೆ 55 ನಿಮಿಷಗಳ ಯಾನ ಮುಗಿದು ಸಮುದ್ರಕ್ಕೆ ಬಿದ್ದ ಮೇಲೆ ತಿಳಿದದ್ದು, ಕವಚ ಗಟ್ಟಿಯಾಗಿಯೇ ಇತ್ತು, ಸೂಚನೆಯೇ ಸುಳ್ಳಾಗಿತ್ತು ಎಂದು.

ಕೆಟ್ಟಿರುವುದು ಯಂತ್ರವೋ ಯಂತ್ರದ ಸುದ್ದಿ ಹೇಳುವ ಮುಳ್ಳೋ ಎಂಬ ಈ ಪ್ರಶ್ನೆ ಎಂಸಿಎಫ್‌ನಂಥ ಕಡೆ ಹಗಲಿರುಳೂ ಇರುವಂಥದ್ದು. ಆ ಕೇಂದ್ರ ಕಣ್ಣುಬಿಟ್ಟ ವರ್ಷವೇ, ಅಂದರೆ 1982ರ ಏಪ್ರಿಲ್‌ನಲ್ಲಿ, ಫ್ಲಾರಿಡಾದಿಂದ ಹಾರಿದ ಇನ್ಸಾಟ್-1ಎ ಉಪಗ್ರಹ ಐದು ತಿಂಗಳೂ ಬಾಳಲಿಲ್ಲ. ಅದನ್ನು ಕಟ್ಟಿದ್ದು ಅಮೆರಿಕದ ಫೋರ್ಡ್ ಏರೋಸ್ಪೇಸ್, ಹಾರಿಸಿದ್ದು ಅಮೆರಿಕದ ಡೆಲ್ಟಾ ರಾಕೆಟ್. ಮರುವರ್ಷ ಇನ್ಸಾಟ್-1ಬಿ ಹೋದದ್ದು ಚಾಲೆಂಜರ್ ಷಟಲ್‌ನಲ್ಲಿ. ನಮ್ಮೂರ ಬಿಳಿ ಆಂಟೆನಾಗಳು ಮೊದಲು ಮುಖ ಮಾಡಿದ್ದು ಅಮೆರಿಕದಲ್ಲಿ ತಯಾರಾದ ಉಪಗ್ರಹಗಳ ಕಡೆಗೆ ಎಂಬುದನ್ನು ನೆನಪಿಟ್ಟುಕೊಂಡರೆ 1998ರ ಸುದ್ದಿ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಗ್ಲೆನ್ ಸಾರ್ವಜನಿಕ ಬದುಕಿನ ಮೊದಲ ಕಲೆ ಬಿದ್ದದ್ದು ಅದೇ 1962ರ ಜುಲೈನಲ್ಲಿ. ಗಗನಯಾನಿ ಆಗಬೇಕಾದರೆ ಜೆಟ್ ವಿಮಾನದ ಟೆಸ್ಟ್ ಪೈಲಟ್ ಆಗಿರಲೇಬೇಕು ಎಂಬುದು ನಾಸಾದ ನಿಯಮ. ಟೆಸ್ಟ್ ಪೈಲಟ್ ಶಾಲೆಗಳು ಸೇನೆಯವು. ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಜೆರಿ ಕಾಬ್ ಮತ್ತು ಇತರ ಮಹಿಳಾ ಪೈಲಟ್‌ಗಳು ಗಗನಯಾನಿಗಳಿಗೆ ನಡೆಸುವಂಥ ವೈದ್ಯಕೀಯ ಪರೀಕ್ಷೆಗಳಲ್ಲಿ ಗೆದ್ದಿದ್ದರೂ ಈ ಬಾಗಿಲು ತೆರೆಯಲಿಲ್ಲ. ಪ್ರತಿನಿಧಿ ಸಭೆಯ ಉಪಸಮಿತಿ ವಿಚಾರಣೆ ನಡೆಸಿದಾಗ, ಯುದ್ಧಕ್ಕೆ ಹೋಗುವವರೂ ವಿಮಾನ ಹಾರಿಸಿ ಪರೀಕ್ಷಿಸುವವರೂ ಗಂಡಸರು, ಹೆಂಗಸರು ಈ ಕ್ಷೇತ್ರದಲ್ಲಿ ಇಲ್ಲದಿರುವುದು ನಮ್ಮ ಸಮಾಜದ ವ್ಯವಸ್ಥೆ ಎಂಬ ಅರ್ಥದ ಮಾತನ್ನು ಗ್ಲೆನ್ ಹೇಳಿದರು. ಅದು ಸರಿಯಲ್ಲದೆಯೂ ಇರಬಹುದು ಎಂದು ಸೇರಿಸಿದ್ದರು, ನಿಜ. ಆದರೆ ಇಡೀ ದೇಶ ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದ ವ್ಯಕ್ತಿ ನಿಯಮದ ಪರ ನಿಂತ ಮೇಲೆ ಆ ಚರ್ಚೆ ಮುಂದುವರಿಯಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಸೋವಿಯತ್ ಒಕ್ಕೂಟದ ವಲೆಂಟೀನಾ ತೆರೆಷ್ಕೋವಾ ಭೂಮಿಯನ್ನು ಸುತ್ತಿದರು. ಅಮೆರಿಕದ ಸ್ಯಾಲಿ ರೈಡ್ ಹಾರಲು 1983 ಬರಬೇಕಾಯಿತು. ಇದನ್ನು ಪರದೇಶದ ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ: ನಮ್ಮ ಗಗನಯಾನಕ್ಕೆ ಆಯ್ಕೆಯಾಗಿ 2024ರ ಫೆಬ್ರವರಿಯಲ್ಲಿ ಹೆಸರು ಪ್ರಕಟವಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ನಾಲ್ವರೂ ಗಂಡಸರು.

ರಾಜಕೀಯದ ದಾರಿ ಅವರಿಗೆ ಸಲೀಸಾಗಿರಲಿಲ್ಲ. 1964ರಲ್ಲಿ ಸೆನೆಟ್‌ಗೆ ಸ್ಪರ್ಧಿಸಲು ಹೊರಟವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಕಣದಿಂದ ಹಿಂದೆ ಸರಿದರು. ಕಕ್ಷೆಯಿಂದ ಕ್ಷೇಮವಾಗಿ ಇಳಿದವರು ಬಚ್ಚಲಲ್ಲಿ ಬಿದ್ದರು ಎಂಬ ವ್ಯಂಗ್ಯವನ್ನು ಯಾರೂ ಕಟ್ಟಬೇಕಾಗಿರಲಿಲ್ಲ. 1970ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಹೊವಾರ್ಡ್ ಮೆಟ್ಜೆನ್‌ಬಾಮ್ ಎದುರು ಸೋತರು. 1974ರಲ್ಲಿ ಮತ್ತೆ ಅದೇ ಎದುರಾಳಿ, ಗ್ಲೆನ್ ಬದುಕಿನಲ್ಲಿ ಒಂದು ‘ಉದ್ಯೋಗ’ವನ್ನೇ ಮಾಡಿದವರಲ್ಲ ಎಂದು ಹಂಗಿಸಿದರು. ಸೇನೆಯ ಆಸ್ಪತ್ರೆಯಲ್ಲಿ ಅಂಗಹೀನರಾಗಿ ಮಲಗಿದವರ ಮುಂದೆಯೂ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮುಂದೆಯೂ ಈ ಮಾತನ್ನು ಹೇಳಿ ನೋಡಿ ಎಂದು ಗ್ಲೆನ್ ಕೊಟ್ಟ ಉತ್ತರ ಆ ಚುನಾವಣೆಯ ದಿಕ್ಕನ್ನೇ ತಿರುಗಿಸಿತು. ಅಲ್ಲಿಂದ 1999ರ ಜನವರಿಯವರೆಗೆ ಅವರು ಸೆನೆಟ್‌ನಲ್ಲಿದ್ದರು.

ಅವರು ಚುನಾವಣೆಗೆ ಅಣಿಯಾಗುತ್ತಿದ್ದ 1974ರ ಮೇ ತಿಂಗಳಲ್ಲೇ ಪೋಖರಾನ್‌ನಲ್ಲಿ ಭಾರತದ ಮೊದಲ ಅಣು ಪರೀಕ್ಷೆ ನಡೆಯಿತು. ಸೆನೆಟ್ ಸೇರಿದ ಗ್ಲೆನ್ ಅಣ್ವಸ್ತ್ರ ಪ್ರಸರಣ ತಡೆಯನ್ನು ತಮ್ಮ ವಿಷಯವಾಗಿ ಮಾಡಿಕೊಂಡರು. 1978ರ ಅಣ್ವಸ್ತ್ರ ಪ್ರಸರಣ ತಡೆ ಕಾಯ್ದೆಯನ್ನು ರೂಪಿಸಿದವರಲ್ಲಿ ಅವರೇ ಪ್ರಮುಖರು. ತನ್ನ ಎಲ್ಲ ಅಣು ಘಟಕಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ತೆರೆಯದ ದೇಶಕ್ಕೆ ಅಮೆರಿಕದ ಇಂಧನ ಹೋಗಕೂಡದು ಎಂಬುದು ಅದರ ತಿರುಳು. ಅದರ ಬಿಸಿ ನೇರವಾಗಿ ತಟ್ಟಿದ್ದು ತಾರಾಪುರಕ್ಕೆ, ಏಕೆಂದರೆ 1963ರ ಒಪ್ಪಂದದ ಪ್ರಕಾರ ಅಲ್ಲಿನ ಸ್ಥಾವರಕ್ಕೆ 30 ವರ್ಷ ಯುರೇನಿಯಂ ಪೂರೈಸುವುದಾಗಿ ಅಮೆರಿಕ ಮಾತು ಕೊಟ್ಟಿತ್ತು. ಕೊಟ್ಟ ಮಾತನ್ನು ಆಮೇಲೆ ಬರೆದ ಕಾನೂನಿನಿಂದ ಅಳಿಸಬಹುದೇ ಎಂಬುದು ಭಾರತದ ವಾದ. 1980ರಲ್ಲಿ ಅಧ್ಯಕ್ಷ ಕಾರ್ಟರ್ ಇಂಧನ ಕಳಿಸಲು ಹೊರಟಾಗ ಸೆನೆಟ್‌ನಲ್ಲಿ ವಿರೋಧದ ಮುಂದಾಳು ಗ್ಲೆನ್. ಕಾರ್ಟರ್ ಗೆದ್ದದ್ದು 48ಕ್ಕೆ 46ರ ಅಂತರದಲ್ಲಿ. ಚಿಕ್ಕಮಗಳೂರಿನ 1978ರ ಉಪಚುನಾವಣೆಯಿಂದ ರಾಜಕೀಯ ಮರುಹುಟ್ಟು ಪಡೆದಿದ್ದ ಇಂದಿರಾ ಗಾಂಧಿಯವರು 1982ರಲ್ಲಿ ವಾಷಿಂಗ್ಟನ್‌ಗೆ ಹೋದಾಗ, ಅಮೆರಿಕದ ಬದಲು ಫ್ರಾನ್ಸ್ ಇಂಧನ ಕೊಡುವುದೆಂದು ಈ ಜಗಳ ಒಂದು ನೆಲೆಗೆ ಬಂತು.

1998ರಲ್ಲಿ ಬಳಕೆಗೆ ಬಂದ ಕಲಮು, ಅಂದರೆ ‘ಗ್ಲೆನ್ ತಿದ್ದುಪಡಿ’, ಸೇರಿದ್ದು 1994ರ ಕಾಯ್ದೆಯಲ್ಲಿ. ಅಣ್ವಸ್ತ್ರ ರಾಷ್ಟ್ರವೆಂದು ಮಾನ್ಯತೆ ಇಲ್ಲದ ದೇಶವೊಂದು ಅಣು ಸ್ಫೋಟ ನಡೆಸಿದೆ ಎಂದು ಅಮೆರಿಕದ ಅಧ್ಯಕ್ಷರು ಖಚಿತಪಡಿಸಿಕೊಂಡ ಕೂಡಲೆ ನೆರವು, ಶಸ್ತ್ರಾಸ್ತ್ರ ಮಾರಾಟ, ಸರ್ಕಾರಕ್ಕೆ ಅಮೆರಿಕದ ಬ್ಯಾಂಕುಗಳ ಸಾಲ, ನಾಗರಿಕ ಬಳಕೆಗೂ ಸೇನೆಗೂ ಒದಗುವ ತಂತ್ರಜ್ಞಾನ, ಎಲ್ಲಕ್ಕೂ ತಡೆ ಬೀಳಬೇಕು. ವಿಶ್ವ ಬ್ಯಾಂಕಿನಂಥ ಕಡೆ ಸಾಲವನ್ನು ಅಮೆರಿಕ ವಿರೋಧಿಸಬೇಕು. ಸಂದರ್ಭ ನೋಡಿ ಸಡಿಲಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿರಲಿಲ್ಲ. ಹಿಂದಿನ ಅಧ್ಯಕ್ಷರು ಪಾಕಿಸ್ತಾನದ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತದ್ದನ್ನು ಕಂಡ ಗ್ಲೆನ್‌ಗೆ ಅಂತಹ ಅಧಿಕಾರದ ಮೇಲೆ ನಂಬಿಕೆ ಉಳಿದಿರಲಿಲ್ಲ. ಆದರೂ ನನಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ: ಸ್ವಯಂಚಾಲಿತ ವ್ಯವಸ್ಥೆ ಕೆಟ್ಟಾಗ ನಿಯಂತ್ರಣವನ್ನು ಕೈಗೆ ತೆಗೆದುಕೊಂಡೇ ಹೆಸರಾದ ಪೈಲಟ್, ಮುಂದೆ ಯಾರ ಕೈಯೂ ತಾಗದಂತೆ ತಾನಾಗಿ ಓಡುವ ಕಾನೂನೊಂದನ್ನು ಬರೆದರು.

ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ಭಾರತ ಜಿನೀವಾದಲ್ಲಿ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಒಪ್ಪದೆ ಹೊರಗೆ ಉಳಿಯಿತು. ಎರಡು ವರ್ಷಗಳ ನಂತರ, ವಾಜಪೇಯಿ ಸರ್ಕಾರ ಮೇ 11 ಮತ್ತು 13ರಂದು ಪರೀಕ್ಷೆ ನಡೆಸಿತು. ಮೇ 13ರಂದೇ ಕ್ಲಿಂಟನ್ ಗ್ಲೆನ್ ತಿದ್ದುಪಡಿಯನ್ನು ಜಾರಿಗೊಳಿಸಿದರು. ತಿಂಗಳ ಕೊನೆಗೆ ಪರೀಕ್ಷೆ ನಡೆಸಿದ ಪಾಕಿಸ್ತಾನಕ್ಕೂ ಅದೇ ಶಿಕ್ಷೆ. ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ ಮೊದಲು ಒದ್ದಾಡಿದವರಲ್ಲಿ ಅಮೆರಿಕದ ಗೋಧಿ ಬೆಳೆಗಾರರೂ ಇದ್ದರು: ಪಾಕಿಸ್ತಾನದ ಮಾರುಕಟ್ಟೆ ಕೈತಪ್ಪುವ ಭಯದಿಂದ ಜುಲೈ ಮಧ್ಯದೊಳಗೆ ಕೃಷಿ ಸಾಲಕ್ಕೆ ವಿನಾಯಿತಿ ಕೊಡುವ ಹೊಸ ಕಾಯ್ದೆಯನ್ನು ಸಂಸತ್ತು ಅವಸರದಿಂದ ತಂದಿತು.

ನಮ್ಮಲ್ಲಿ ಪೆಟ್ಟು ಬಿದ್ದ ಜಾಗಗಳಲ್ಲಿ ಬೆಂಗಳೂರಿನ ಲಘು ಯುದ್ಧವಿಮಾನ ಯೋಜನೆಯೂ ಒಂದು. 1995ರಲ್ಲೇ ಕಾರ್ಖಾನೆಯಿಂದ ಹೊರಬಂದಿದ್ದ ಆ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಪರೀಕ್ಷೆಗಾಗಿ ನಮ್ಮ ಎಂಜಿನಿಯರುಗಳು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ದಿಗ್ಬಂಧನ ಬಂದ ಮೇಲೆ ಅವರು ಅರ್ಧದಲ್ಲೇ ಗಂಟುಮೂಟೆ ಕಟ್ಟಬೇಕಾಯಿತು. ಜನರಲ್ ಎಲೆಕ್ಟ್ರಿಕ್ ಎಂಜಿನ್‌ಗಳಿಗೂ ತಡೆ ಬಿತ್ತು. ಉಳಿದ ಕೆಲಸವನ್ನು ಇಲ್ಲೇ ಮುಗಿಸಿ, 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಎಂಬ ಟೆಸ್ಟ್ ಪೈಲಟ್ ಅದನ್ನು ಮೊದಲ ಸಲ ಮೇಲಕ್ಕೆ ಒಯ್ದರು. ಇಂದಿನ ತೇಜಸ್ ಅದೇ. ಒಬ್ಬ ಟೆಸ್ಟ್ ಪೈಲಟ್ ಬರೆದ ಕಾನೂನು ಇನ್ನೊಬ್ಬ ಟೆಸ್ಟ್ ಪೈಲಟ್‌ನ ವಿಮಾನವನ್ನು ನೆಲದಲ್ಲಿ ಕಟ್ಟಿಹಾಕಿತ್ತು. ತಡವಾದುದಕ್ಕೆಲ್ಲ ದಿಗ್ಬಂಧನವೇ ಕಾರಣ ಎನ್ನುವುದು ನಮ್ಮವರ ನೆಪವೂ ಆಗಬಹುದು. ಆ ಯೋಜನೆ 1998ಕ್ಕೂ ಮುಂಚೆಯೇ ತೆವಳುತ್ತಿತ್ತು.

ಎಲ್ಲವನ್ನೂ ಗ್ಲೆನ್ ಖಾತೆಗೆ ಬರೆಯುವುದೂ ನ್ಯಾಯವಲ್ಲ. ಕ್ರಯೋಜೆನಿಕ್ ಎಂಜಿನ್ ವಿಷಯದಲ್ಲಿ 1992ರಲ್ಲಿ ಇಸ್ರೋ ಮೇಲೆ ಬಿದ್ದ ನಿರ್ಬಂಧ ಕ್ಷಿಪಣಿ ತಂತ್ರಜ್ಞಾನಕ್ಕೆ ಸಂಬಂಧಿಸಿದ ಬೇರೆಯೇ ನಿಯಮದ್ದು. ಅವರದು ಭಾರತದ್ವೇಷವೂ ಆಗಿರಲಿಲ್ಲ. ಅಫ್ಘಾನಿಸ್ತಾನದ ಯುದ್ಧಕ್ಕಾಗಿ ರೇಗನ್ ಸರ್ಕಾರ ಪಾಕಿಸ್ತಾನದ ಅಣು ಕಾರ್ಯಕ್ರಮವನ್ನು ಕಂಡೂ ಕಾಣದಂತಿದ್ದಾಗ ಅದನ್ನು ಬಿಡದೆ ಟೀಕಿಸಿದವರಲ್ಲಿ ಅವರಿದ್ದರು. ತಮ್ಮದೇ ಓಹಾಯೊದ ಫರ್ನಾಲ್ಡ್ ಸೇರಿದಂತೆ ಅಮೆರಿಕದ ಅಣ್ವಸ್ತ್ರ ಕಾರ್ಖಾನೆಗಳು ನೆಲ ನೀರನ್ನು ಕೆಡಿಸಿದ್ದನ್ನೂ ಹೊರಗೆಳೆದರು.

ಹೀಗೆ ನಿಯಮದ ವಿಷಯದಲ್ಲಿ ಕಟ್ಟುನಿಟ್ಟಾದವರು ಕಾಲು ಜಾರಿದ್ದು ಹಣದ ಹತ್ತಿರ. ಲಿಂಕನ್ ಎಂಬ ಉಳಿತಾಯ ಸಂಸ್ಥೆಯ ಮಾಲೀಕ ಚಾರ್ಲ್ಸ್ ಕೀಟಿಂಗ್ ಪರವಾಗಿ 1987ರಲ್ಲಿ ನಿಯಂತ್ರಣಾಧಿಕಾರಿಗಳನ್ನು ಕಂಡು ಮಾತಾಡಿದ ಐವರು ಸೆನೆಟರ್‌ಗಳಲ್ಲಿ ಗ್ಲೆನ್ ಒಬ್ಬರು. ಅವರಿಗೆ ಸಂಬಂಧಿಸಿದ ರಾಜಕೀಯ ಸಮಿತಿಗೆ ಕೀಟಿಂಗ್ ಕಡೆಯಿಂದ 2 ಲಕ್ಷ ಡಾಲರ್ ಬಂದಿತ್ತು. 1989ರಲ್ಲಿ ಆ ಸಂಸ್ಥೆ ಮುಳುಗಿ, ಅದರ ಬಾಂಡ್ ಕೊಂಡಿದ್ದ ಸಾವಿರಾರು ವೃದ್ಧರ ಉಳಿತಾಯ ಹೋಯಿತು. ಸದಸ್ಯರ ನಡತೆಯನ್ನು ವಿಚಾರಿಸುವ ಸೆನೆಟ್ ಸಮಿತಿ 1991ರಲ್ಲಿ ಗ್ಲೆನ್ ಅವರನ್ನು ವಿವೇಚನೆ ತಪ್ಪಿದರು ಎಂಬಷ್ಟಕ್ಕೇ ಬಿಟ್ಟಿತು. ಮರುವರ್ಷ ಓಹಾಯೊ ಅವರನ್ನೇ ಮತ್ತೆ ಆರಿಸಿತು. 1984ರಲ್ಲಿ ಅಧ್ಯಕ್ಷ ಪದವಿಗೆ ಹೊರಟು ಹೊತ್ತುಕೊಂಡ ಚುನಾವಣಾ ಸಾಲ ಎರಡು ದಶಕ ಬೆನ್ನು ಬಿಡಲಿಲ್ಲ.

1998ರ ಅಕ್ಟೋಬರ್ 29ರಂದು, ಇನ್ನೂ ಸೆನೆಟರ್ ಆಗಿದ್ದಾಗಲೇ, 77ನೇ ವಯಸ್ಸಿನಲ್ಲಿ ಗ್ಲೆನ್ ಡಿಸ್ಕವರಿ ಷಟಲ್ ಏರಿ ಮತ್ತೆ ಬಾಹ್ಯಾಕಾಶಕ್ಕೆ ಹೋದರು. ಮುಪ್ಪಿನ ಬಗೆಗಿನ ಸಂಶೋಧನೆ ಎಂದು ನಾಸಾ ಹೇಳಿತು, ಪ್ರಚಾರ ಎಂದು ಟೀಕಾಕಾರರು ಹೇಳಿದರು, ಎರಡೂ ಇದ್ದಿರಬೇಕು. ನವೆಂಬರ್ 7ರಂದು ಷಟಲ್ ಇಳಿಯಿತು. ಅದೇ ತಿಂಗಳು ಅಮೆರಿಕದ ವಾಣಿಜ್ಯ ಇಲಾಖೆ ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿದ ಭಾರತದ ಸಂಸ್ಥೆಗಳಲ್ಲಿ ಇಸ್ರೋ ಹೆಸರಿತ್ತು. ಮುಂದಿನ ಏಪ್ರಿಲ್‌ನಲ್ಲಿ ಇನ್ಸಾಟ್-2ಇ ಫ್ರೆಂಚ್ ಗಯಾನಾದಿಂದ ಹಾರಿದಾಗ ಅದನ್ನು ಕಕ್ಷೆಗೆ ಏರಿಸಿದ್ದು ಎಂದಿನಂತೆ ಹಾಸನ. ಅದರ ಟ್ರಾನ್ಸ್‌ಪಾಂಡರುಗಳಲ್ಲಿ ಕೆಲವನ್ನು ಬಾಡಿಗೆಗೆ ಹಿಡಿದಿದ್ದುದು, ವಾಷಿಂಗ್ಟನ್‌ನಲ್ಲೇ ಕಚೇರಿಯಿದ್ದ ಅಂತರರಾಷ್ಟ್ರೀಯ ಉಪಗ್ರಹ ಸಂಪರ್ಕ ಸಂಸ್ಥೆ ಇಂಟೆಲ್‌ಸ್ಯಾಟ್.

ಬಿಗಿದ ಗಂಟು ಒಂದೊಂದಾಗಿ ಸಡಿಲವಾಯಿತು. ಸೆಪ್ಟೆಂಬರ್ 11ರ ದಾಳಿಯ ಬಳಿಕ, 2001ರ ಸೆಪ್ಟೆಂಬರ್ 22ರಂದು ಬುಷ್, ಸಂಸತ್ತು ಆಮೇಲೆ ಕೊಟ್ಟ ಸಡಿಲಿಕೆಯ ಅಧಿಕಾರ ಬಳಸಿ, ಗ್ಲೆನ್ ತಿದ್ದುಪಡಿಯ ದಿಗ್ಬಂಧನವನ್ನು ತೆರವು ಮಾಡಿದರು. 2005ರ ಜುಲೈ 18ರಂದು ಮನಮೋಹನ್ ಸಿಂಗ್ ಮತ್ತು ಬುಷ್ ನಾಗರಿಕ ಅಣು ಸಹಕಾರದ ಜಂಟಿ ಹೇಳಿಕೆ ಹೊರಡಿಸಿದರು. ಆ ದಿನ ಗ್ಲೆನ್ ಅವರಿಗೆ 84 ತುಂಬಿತ್ತು. 2008ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 2011ರ ಜನವರಿಯಲ್ಲಿ ಇಸ್ರೋದ ಅಂಗಸಂಸ್ಥೆಗಳು ನಿರ್ಬಂಧದ ಪಟ್ಟಿಯಿಂದ ಹೊರಬಂದವು. ಗ್ಲೆನ್ ಅವರ ಕಲಮು ಮಾತ್ರ ರದ್ದಾಗಲಿಲ್ಲ. ಅಣು ಒಪ್ಪಂದಕ್ಕೆ ದಾರಿ ಮಾಡಿಕೊಟ್ಟ 2006ರ ಹೈಡ್ ಕಾಯ್ದೆಯು, ಭಾರತ ಮತ್ತೊಂದು ಪರೀಕ್ಷೆ ನಡೆಸಿದರೆ ತಾನು ಕೊಟ್ಟ ವಿನಾಯಿತಿಗಳು ಕೊನೆಗೊಳ್ಳುತ್ತವೆ ಎಂದು ಷರತ್ತು ಹಾಕಿದೆ.