ಮನಸ್ಸಿನೊಳಗಿದ್ದ ಸೈತಾನ ಮೈಮೇಲೆ ಬಂದದ್ದು

ಸೈತಾನ ನಿಜವಾಗಿಯೂ ಇದ್ದಾನಾ, ಇಲ್ಲ ಕೆಡುಕಿಗೆ ನಾವು ಇಟ್ಟುಕೊಂಡ ಹೆಸರಾ? ಇದು ದೇವರನ್ನು ನಂಬದವರು ಕೇಳುವ ಪ್ರಶ್ನೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಈಚೆಗೆ ಇದರ ಜಗಳ ನಡೆದದ್ದು ಕ್ಯಾಥೋಲಿಕ್ ಚರ್ಚಿನ ಒಳಗೇ. 2017ರಲ್ಲಿ ಕ್ಯಾಥೋಲಿಕ್ ಪಾದ್ರಿಗಳ ಜೆಸ್ವಿಟ್ ಸಂಘದ ಮುಖ್ಯಸ್ಥ ಆರ್ತುರೋ ಸೋಸಾ, ಕೆಡುಕನ್ನು ವಿವರಿಸಲು ನಾವೇ ಮಾಡಿಕೊಂಡ ಸಂಕೇತ ಸೈತಾನ ಎಂಬರ್ಥದ ಮಾತಾಡಿದರು. ಮರುವರ್ಷ ಪೋಪ್ ಫ್ರಾನ್ಸಿಸ್, ಅವನನ್ನು ಬರೀ ಕಟ್ಟುಕಥೆ, ಬರೀ ಸಂಕೇತ ಅಂದುಕೊಳ್ಳಬೇಡಿ ಎಂದು ಬರೆದರು. ಫ್ರಾನ್ಸಿಸ್ ಕೂಡ ಜೆಸ್ವಿಟರೇ ಆಗಿದ್ದರು. 2019ರಲ್ಲಿ ಸೋಸಾ ಮತ್ತೆ ಅದೇ ಧಾಟಿಯಲ್ಲಿ ಮಾತಾಡಿದಾಗ, ದೆವ್ವ ಬಿಡಿಸುವ ಪಾದ್ರಿಗಳ ಅಂತರರಾಷ್ಟ್ರೀಯ ಸಂಘ ಬಹಿರಂಗವಾಗಿಯೇ ತಕರಾರು ತೆಗೆಯಿತು.

ಇದು ನಿನ್ನೆ ಮೊನ್ನೆಯ ಗೊಂದಲವಲ್ಲ. ಬೈಬಲ್ಲಿನ ಯೋಬನ ಕಥೆಯಲ್ಲಿ ಸೈತಾನ ದೇವರ ಸಭೆಗೇ ಬಂದು ಹೋಗುವವನು. ಯೋಬನನ್ನು ಕಾಡಲು ದೇವರ ಅಪ್ಪಣೆ ಕೇಳುತ್ತಾನೆ. ಯೇಸುವಿನ ಬದುಕನ್ನು ಹೇಳುವ ಶುಭಸಂದೇಶಗಳಲ್ಲಿ ಅವನು ನೇರವಾಗಿ ಎದುರಾಳಿ. ಮರುಭೂಮಿಯಲ್ಲಿ 40 ದಿನ ಉಪವಾಸವಿದ್ದ ಯೇಸುವಿನ ಹತ್ತಿರ ಬಂದು, ಹಸಿವಾಗಿದೆಯಲ್ಲ, ಈ ಕಲ್ಲನ್ನು ರೊಟ್ಟಿ ಮಾಡಿಕೋ ಅನ್ನುತ್ತಾನೆ. ದೇವಾಲಯದ ತುದಿಯಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಅನ್ನುವಾಗ ಬೈಬಲ್ಲಿನ ಕೀರ್ತನೆಯ ಸಾಲನ್ನೇ ಎತ್ತಿ ಹೇಳುತ್ತಾನೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ ಚರ್ಚುಗಳಲ್ಲಿ ಓದುವುದು ಇದನ್ನೇ. ಇಲ್ಲಿ ಕೂಗಾಟವಿಲ್ಲ, ನೊರೆ ಉಗುಳುವುದಿಲ್ಲ. ಇರುವುದು ಬರೀ ಮಾತು, ಅದೂ ಒಪ್ಪಿಕೊಳ್ಳಬಹುದು ಅನ್ನಿಸುವಂಥ ಮಾತು.

ಈ ಮಾತಿನ ಜಾಡನ್ನು ಹಿಡಿದವರು ನಾಲ್ಕನೇ ಶತಮಾನದ ಈಜಿಪ್ಟಿನ ಸನ್ಯಾಸಿಗಳು. ಊರು ಬಿಟ್ಟು ಮರಳುಗಾಡಿಗೆ ಹೋದವರಿಗೆ ಅಲ್ಲಿ ಹೆಂಡ, ಹಣ, ಹೆಣ್ಣು ಯಾವುದೂ ಇರಲಿಲ್ಲ. ಆದರೂ ಆಸೆ ಬಿಡಲಿಲ್ಲ. ಹಾಗಾದರೆ ಅದು ಎಲ್ಲಿಂದ ಬರುತ್ತಿದೆ? ಎವಾಗ್ರಿಯಸ್ ಎಂಬ ಸನ್ಯಾಸಿ ಕೂತು ಪಟ್ಟಿ ಮಾಡಿದ. ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹುಚ್ಚು, ಅಹಂಕಾರ. ಒಟ್ಟು 8. ಇವನ್ನು ಅವನು ಪಾಪ ಅನ್ನಲಿಲ್ಲ, ಯೋಚನೆಗಳು ಅಂದ. ದೆವ್ವ ಬಂದು ಇಂಥ ಯೋಚನೆ ಬಿತ್ತಿ ಹೋಗುತ್ತದೆ. ಅದು ಬರುವುದು ನಮ್ಮ ಕೈಯಲ್ಲಿಲ್ಲ. ಬಂದದ್ದನ್ನು ಕೂರಿಸಿ ಮಾತಾಡಿಸುವುದು, ಬಿಡುವುದು ನಮ್ಮ ಕೈಯಲ್ಲಿದೆ.

ಬೇಸರದ ದೆವ್ವದ ಬಗ್ಗೆ ಅವನು ಬರೆದದ್ದನ್ನು ಓದಿದರೆ ನಗು ಬರುತ್ತದೆ. ಅದು ಬರುವುದು ನಡುರಾತ್ರಿಯಲ್ಲಲ್ಲ, ಹಗಲು ಸುಮಾರು ಹತ್ತು ಗಂಟೆಗೆ. ಎರಡರವರೆಗೂ ಬಿಡುವುದಿಲ್ಲ. ಸೂರ್ಯ ಅಲ್ಲಾಡುತ್ತಲೇ ಇಲ್ಲ, ದಿನಕ್ಕೆ 50 ತಾಸು ಇದೆ ಅನ್ನಿಸುತ್ತದೆ. ಸನ್ಯಾಸಿ ಪದೇ ಪದೇ ಕಿಟಕಿಯ ಕಡೆ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಹೊರಗೆ ಬಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಈ ಕಡೆ ಬರುತ್ತಿದ್ದಾರಾ ಅಂತ ಕತ್ತು ಚಾಚುತ್ತಾನೆ. ಈ ಜಾಗವೇ ಸರಿಯಿಲ್ಲ, ಇಲ್ಲಿಯವರಿಗೆ ಪ್ರೀತಿಯೇ ಇಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿರುತ್ತದೆ ಅಂತ ಶುರುವಾಗುತ್ತದೆ. ಆಫೀಸಿನಲ್ಲಿ ಕೂತು ಮೊಬೈಲ್ ತೀಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಂಥ ಒಂದೊಂದು ಯೋಚನೆಗೂ ತಿರುಗಿ ಹೇಳಲು ಬೈಬಲ್ಲಿನ ಸಾಲುಗಳನ್ನು ಎವಾಗ್ರಿಯಸ್ ಆರಿಸಿಟ್ಟ. ಅವು 500ಕ್ಕೆ ಹತ್ತಿರ. ಅವನ ಪ್ರಕಾರ ದೆವ್ವ ಬಿಡಿಸುವುದು ಅಂದರೆ ಇದೇ. ಆ ಕೆಲಸ ಅವರವರೇ ಮಾಡಿಕೊಳ್ಳಬೇಕು, ದಿನಾ ಮಾಡಿಕೊಳ್ಳಬೇಕು.

ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗರಿ ಆ ಎಂಟನ್ನು ತಿದ್ದಿ ಏಳಾಗಿಸಿದರು. ಆಮೇಲೆ ಅದು ಏಳು ಪಾಪಗಳ ಪಟ್ಟಿಯಾಯಿತು. 1215ರಲ್ಲಿ ರೋಮಿನಲ್ಲಿ ನಡೆದ ಚರ್ಚಿನ ಲ್ಯಾಟರನ್ ಮಹಾಸಭೆ, ದೆವ್ವಗಳನ್ನೂ ದೇವರು ಒಳ್ಳೆಯವರಾಗಿಯೇ ಸೃಷ್ಟಿಸಿದ, ಆಮೇಲೆ ಅವರು ತಾವಾಗಿಯೇ ಕೆಟ್ಟರು ಅಂತ ತೀರ್ಮಾನಿಸಿತು. 15ನೇ ಶತಮಾನದಿಂದ ಮುಂದಿನ ಸುಮಾರು ಮುನ್ನೂರು ವರ್ಷ ಯುರೋಪು ಸೈತಾನನನ್ನು ಪಕ್ಕದ ಮನೆಯ ಹೆಂಗಸಿನಲ್ಲಿ ಕಂಡಿತು. ಮಾಟಗಾತಿ ಅನ್ನಿಸಿಕೊಂಡು ಸತ್ತವರು 40ರಿಂದ 60 ಸಾವಿರ ಅಂತ ಇತಿಹಾಸಕಾರರ ಅಂದಾಜು. ಅದರಲ್ಲಿ ಕ್ಯಾಥೋಲಿಕರೂ ಪ್ರೊಟೆಸ್ಟೆಂಟರೂ ಹಿಂದೆ ಬೀಳಲಿಲ್ಲ. ದೆವ್ವ ಬಿಡಿಸಲು ರೋಮ್ ಒಂದು ಕ್ರಮವನ್ನು ಗೊತ್ತುಮಾಡಿದ್ದೂ ಇದೇ ಕಾಲದಲ್ಲಿ, 1614ರಲ್ಲಿ. ಯಾರಿಗೋ ದೆವ್ವ ಹಿಡಿದಿದೆ ಅಂತ ಸುಮ್ನೆ ನಂಬಬೇಡಿ ಎಂಬ ಎಚ್ಚರಿಕೆ ಅದರ ಶುರುವಿನಲ್ಲೇ ಇದೆ.

ಈಗಿನ ಗೋಜಲು 1972ರದ್ದು. ಪಾದ್ರಿಯಾಗುವ ಮೊದಲು ಏರಬೇಕಿದ್ದ ಮೆಟ್ಟಿಲುಗಳಲ್ಲಿ 'ದೆವ್ವ ಬಿಡಿಸುವವ' ಅನ್ನುವುದೂ ಒಂದಾಗಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಪೋಪ್ ಆರನೇ ಪೌಲ್ ಅದನ್ನು ತೆಗೆದುಹಾಕಿದರು. ನವೆಂಬರ್‌ನಲ್ಲಿ ಅದೇ ಪೋಪ್, ಸೈತಾನ ಅಂದರೆ ಬರೀ ಒಳ್ಳೆಯದರ ಕೊರತೆಯಲ್ಲ, ಜೀವಂತ ಶಕ್ತಿ ಎಂದು ಭಾಷಣ ಮಾಡಿದರು. ಮರುವರ್ಷ ಹಾಲಿವುಡ್ಡಿನ ಒಂದು ಸಿನಿಮಾ ಬಂತು. ದೆವ್ವ ಅಂದರೆ ಹಾಸಿಗೆಯ ಮೇಲೆ ಕಿರುಚುವ ಹುಡುಗಿ ಎಂಬ ಚಿತ್ರ ಜನರ ಮನಸ್ಸಿನಲ್ಲಿ ಕೂತಿತು. 1976ರಲ್ಲಿ ಜರ್ಮನಿಯಲ್ಲಿ, ಮೂರ್ಛೆ ರೋಗಕ್ಕೆ ಔಷಧಿ ತೆಗೆದುಕೊಂಡಿದ್ದ 23 ವರ್ಷದ ವಿದ್ಯಾರ್ಥಿನಿಯೊಬ್ಬಳು ತಿಂಗಳುಗಟ್ಟಲೆ ದೆವ್ವ ಬಿಡಿಸುವ ಪ್ರಾರ್ಥನೆಗಳ ನಂತರ ಅನ್ನನೀರಿಲ್ಲದೆ ಸತ್ತಳು. 1978ರಲ್ಲಿ ಕೋರ್ಟು ಅವಳ ತಂದೆತಾಯಿ ಮತ್ತು ಇಬ್ಬರು ಪಾದ್ರಿಗಳನ್ನು ತಪ್ಪಿತಸ್ಥರು ಅಂದಿತು. 1614ರ ಕ್ರಮವನ್ನು ಪರಿಷ್ಕರಿಸಿ ಹೊರತಂದದ್ದು 1999ರಲ್ಲಿ. ಅದರಲ್ಲಿ ವೈದ್ಯರನ್ನು, ಮನಸ್ಸಿನ ರೋಗ ಬಲ್ಲವರನ್ನು ಕೇಳುವ ಮಾತಿದೆ. ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಅನುಮತಿಯಿಲ್ಲದೆ ಯಾವ ಪಾದ್ರಿಯೂ ಈ ವಿಧಿ ನಡೆಸುವಂತಿಲ್ಲ.

ಆದರೆ ಪ್ರಾರ್ಥನಾಕೂಟಗಳು ಈ ನಿಯಮಗಳಿಗೆ ಕಾದು ಕೂತಿರಲಿಲ್ಲ. ಪವಿತ್ರಾತ್ಮದ ವರಗಳಿಗೆ ಒತ್ತು ಕೊಡುವ, 1967ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾಥೋಲಿಕರ ಕ್ಯಾರಿಸ್ಮ್ಯಾಟಿಕ್ ಚಳವಳಿ 70ರ ದಶಕದಲ್ಲಿ ಭಾರತಕ್ಕೂ ಬಂತು. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ದೊಡ್ಡ ಧ್ಯಾನಕೇಂದ್ರಗಳು ಎದ್ದವು. ಇಂಥ ಕಡೆ 'ಬಿಡುಗಡೆಯ ಪ್ರಾರ್ಥನೆ' ಅನ್ನುತ್ತಾರೆ. ಕುಡಿತಕ್ಕೊಂದು ದುಷ್ಟಾತ್ಮ, ಮನೆಜಗಳಕ್ಕೊಂದು ದುಷ್ಟಾತ್ಮ. ಅಲ್ಲಿಗೆ ಹೋಗಿ ಕುಡಿತ ಬಿಟ್ಟವರು ಇದ್ದಾರೆ, ಅದನ್ನು ತಳ್ಳಿಹಾಕಲಾಗದು. ಆದರೆ ಗಂಡ ಹೊಡೆದದ್ದಕ್ಕೂ ಸೈತಾನನೇ ಕಾರಣ ಅಂದಾಗ, ಹೊಡೆದ ಕೈ ಯಾರದ್ದು ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಎವಾಗ್ರಿಯಸ್ ಕೂಡ ದೆವ್ವವನ್ನು ನಂಬಿದವನೇ. ಆದರೂ ಅವನ ಲೆಕ್ಕದಲ್ಲಿ ಮನುಷ್ಯನ ಪಾಲಿನ ಕೆಲಸ ಜಾಸ್ತಿ ಇತ್ತು.

2023ರ ಡಿಸೆಂಬರಿನಿಂದ ಪೋಪ್ ಫ್ರಾನ್ಸಿಸ್ ಜನರ ಜೊತೆಗಿನ ಬುಧವಾರದ ಭೇಟಿಗಳಲ್ಲಿ ದುರ್ಗುಣಗಳ ಬಗ್ಗೆ ಸರಣಿಯಾಗಿ ಮಾತಾಡಿದರು. ಸೈತಾನನ ಜೊತೆ ಮಾತಿಗೆ ಇಳಿಯಲೇಬೇಡಿ ಅಂತ ಶುರುಮಾಡಿದರು. ಆಮೇಲೆ ಹಿಡಿದದ್ದು ಗ್ರೆಗರಿಯ ಏಳನ್ನಲ್ಲ, ಹೆಚ್ಚುಕಡಿಮೆ ಎವಾಗ್ರಿಯಸ್‌ನ ಹಳೆಯ ಎಂಟನ್ನು. ತಪಸ್ಸುಕಾಲ ಶುರುವಾಗುವ ದಿನ, 2024ರ ಬೂದಿ ಬುಧವಾರದಂದು, ಬಂದದ್ದು ಬೇಸರದ ಸರದಿ. ಸೈತಾನ ವ್ಯಕ್ತಿಯೋ ಸಂಕೇತವೋ ಎಂದು ವಾದ ಮಾಡಿದವರು ಈ ಸರಣಿಯ ಬಗ್ಗೆ ಅಷ್ಟೇನೂ ಜಗಳವಾಡಲಿಲ್ಲ.