ಲೆಡ್ಜರ್‌ಗಿಂತ ಮೊದಲು ಹಾಜರಿ ಪುಸ್ತಕ ಹೇಳಿತ್ತು

ತುಂಬಾ ವರ್ಷಗಳ ಹಿಂದೆ ಮಾಲೂರು ಕಡೆಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ. ಬಂಗಾರಪೇಟೆಯಿಂದ ನಮ್ಮನ್ನು ಕರೆತರುತ್ತಿದ್ದ ಬಸ್ಸಿನ ಡ್ರೈವರ್ ಒಂದು ಬೆಳಿಗ್ಗೆ, "ಸಾರ್, ಹಿಂದಿನ ನಾಲ್ಕು ಸೀಟು ದಿನಾ ಖಾಲಿ ಬರ್ತಿದೆ, ಸ್ವಲ್ಪ ನೋಡ್ಕೊಳ್ಳಿ" ಅಂದ. ನಾನು ನಕ್ಕು ಸುಮ್ಮನಾದೆ. ಎರಡು ತಿಂಗಳಲ್ಲಿ ವೆಲ್ಡಿಂಗ್ ಲೈನಿನ ಪಳಗಿದ ಹುಡುಗರೆಲ್ಲ ಬೇರೆ ಕಡೆ ಸೇರಿಕೊಂಡಿದ್ದರು. ಹೊಸಬರು ಮಾಡಿದ ಮಾಲು ವಾಪಸ್ ಬರತೊಡಗಿತು. ಅಕೌಂಟ್ಸ್‌ನವರ ಕಾಗದದಲ್ಲಿ ಅದು ನಷ್ಟ ಅಂತ ಕಂಡಿದ್ದು ಮುಂದಿನ ಕ್ವಾರ್ಟರ್‌ಗೆ.

ಖಾಲಿ ಸೀಟು, ರಿಜೆಕ್ಷನ್, ಮಷಿನ್ ನಿಂತ ನಿಮಿಷ, ಕೆಲಸ ಬಿಟ್ಟವರ ಸಂಖ್ಯೆ. ರೂಪಾಯಿಯಲ್ಲಿ ಬರೆಯದ ಈ ಲೆಕ್ಕಗಳಿಗೆ ಈಗ 'ಹಣಕಾಸೇತರ ಸೂಚಕ' ಅಂತ ದೊಡ್ಡ ಹೆಸರಿದೆ. ಪೆಟ್ಟು ಬಿದ್ದರೆ ಕಾರ್ಖಾನೆ ಸಾವರಿಸಿಕೊಳ್ಳುತ್ತಾ ಇಲ್ವಾ ಅನ್ನುವುದು ಬ್ಯಾಲೆನ್ಸ್ ಶೀಟಿಗಿಂತ ಮೊದಲು ಇವುಗಳಲ್ಲೇ ಕಾಣುತ್ತದೆ.

ಕೋಲಾರ ಜಿಲ್ಲೆಗೆ ಈ ಅಭ್ಯಾಸ ಹೊಸದಲ್ಲ. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಅಗೆಯುತ್ತಾ ಹೋಗಿ, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತದೆ. ಎಷ್ಟು ಚಿನ್ನ ಬಂತು ಅನ್ನುವುದು ಮಾಲೀಕರಿಗೆ ಬೇಕಾದ ಲೆಕ್ಕ. ಬಂಡೆ ಎಲ್ಲಿ, ಎಷ್ಟು ಸಲ ಸಿಡಿಯಿತು ಅನ್ನುವುದು ಕೆಳಗಿಳಿಯುವವರ ಜೀವದ ಲೆಕ್ಕ. ಆ ಲೆಕ್ಕಕ್ಕಾಗಿ ಕಂಪನ ಅಳೆಯುವ ಉಪಕರಣಗಳು ಬಂದವು. 1988ರಲ್ಲಿ ಕೆಜಿಎಫ್‌ನಲ್ಲೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾಯಿತು. ಇಷ್ಟಾದರೂ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಒಂದು ಗ್ರಾಂ ಚಿನ್ನ ತೆಗೆಯುವ ಖರ್ಚು ಅದರ ಬೆಲೆಯನ್ನೇ ಮೀರಿತ್ತು. ರೂಪಾಯಿ ಲೆಕ್ಕ ಬೇಡ ಅಂತ ನಾನೇನೂ ಹೇಳುತ್ತಿಲ್ಲ.

ಹೊರಗಿನ ಕಥೆ ಹೀಗಿದೆ. 1950ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ವಿಭಾಗಗಳನ್ನು ಅಳೆಯಲು ಎಂಟು ಬಾಬತ್ತು ಗೊತ್ತುಮಾಡಿತು. ಲಾಭ ಅದರಲ್ಲಿ ಒಂದು ಅಷ್ಟೆ. ನೌಕರರ ಮನೋಭಾವ, ಜನರನ್ನು ಬೆಳೆಸುವುದು, ಸಮಾಜದ ಹೊಣೆ ಎಲ್ಲವೂ ಪಟ್ಟಿಯಲ್ಲಿದ್ದವು. ಆದರೆ ಬಹಳಷ್ಟು ಕಂಪನಿಗಳಲ್ಲಿ ಕ್ವಾರ್ಟರ್ ಲಾಭದ ಮುಂದೆ ಉಳಿದದ್ದೆಲ್ಲ ಮಂಕಾಯಿತು. 1992ರಲ್ಲಿ ಮ್ಯಾನೇಜ್‌ಮೆಂಟ್ ಪಂಡಿತರಾದ ಕಪ್ಲಾನ್ ಮತ್ತು ನಾರ್ಟನ್ ಹಾರ್ವರ್ಡ್‌ನ ಪತ್ರಿಕೆಯಲ್ಲಿ 'ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್' ಬಗ್ಗೆ ಬರೆದ ಮೇಲೆ ವಿಷಯ ಮತ್ತೆ ಮೇಲೆ ಬಂತು. ಹಣದ ಜೊತೆಗೆ ಗ್ರಾಹಕ, ಒಳಗಿನ ಕೆಲಸದ ರೀತಿ, ಕಲಿಕೆ ಇವನ್ನೂ ಅಳೆಯಿರಿ ಅನ್ನುವುದು ಅವರ ಮಾತು.

ಅಷ್ಟರಲ್ಲಿ ಜಪಾನಿನವರು ಮೀಟಿಂಗ್ ರೂಮು ಬಿಟ್ಟು ಮಷಿನ್ ಪಕ್ಕಕ್ಕೇ ಹೋಗಿದ್ದರು. ಮಷಿನ್ ನಿರ್ವಹಣೆಯ ತಜ್ಞ ಸೇಯ್ಚಿ ನಕಾಜಿಮಾ ಕೊಟ್ಟ ಓಇಇ, ಅಂದರೆ ಮಷಿನ್ನಿನ ಪೂರ್ತಿ ಸಾಮರ್ಥ್ಯದಲ್ಲಿ ಎಷ್ಟು ನಿಜಕ್ಕೂ ಉಪಯೋಗಕ್ಕೆ ಬಂತು ಅನ್ನುವ ಅಳತೆ, ಇವತ್ತು ವೇಮಗಲ್‌ನ ಚಿಕ್ಕ ಶೆಡ್ಡಿನ ಸೂಪರ್‌ವೈಸರ್ ಬಾಯಲ್ಲೂ ಇದೆ. ಲೆಕ್ಕ ಸುಲಭ. ಶಿಫ್ಟು 480 ನಿಮಿಷ ಅನ್ನಿ. ಡೈ (ಅಚ್ಚು) ಬದಲಿಸುವುದರಲ್ಲಿ, ಕರೆಂಟ್ ಹೋಗಿ ಬರುವುದರಲ್ಲಿ 60 ನಿಮಿಷ ಹೋಯಿತು. ಉಳಿದದ್ದು ಶೇ 87.5. ಮಷಿನ್ ಓಡಿದ್ದು ಶೇ 90 ವೇಗದಲ್ಲಿ. ಬಂದ ಮಾಲಲ್ಲಿ ಒಳ್ಳೆಯದು ಶೇ 96. ಮೂರನ್ನೂ ಗುಣಿಸಿದರೆ ಸುಮಾರು ಶೇ 75.6. ಬಿಡಿಬಿಡಿಯಾಗಿ ನೋಡಿದರೆ ಮೂರೂ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ? ಗುಣಿಸಿದಾಗಲೇ ಕಾಲು ಭಾಗ ದಿನ ಸೋರಿಹೋಗಿದ್ದು ಗೊತ್ತಾಗುವುದು. ಶೇ 85 ಬಂದರೆ ಗೆದ್ದಂತೆ ಅನ್ನುವ ಮಾತೂ ನಕಾಜಿಮಾ ಕಾಲದ್ದೇ.

ಇನ್ನೊಂದು ಪಾಠ ಬೆಂಕಿಯಿಂದ ಬಂತು. 1997ರ ಫೆಬ್ರವರಿ 1ರಂದು ಟೊಯೋಟಾಗೆ ಬ್ರೇಕಿನ ಒಂದು ಸಣ್ಣ ವಾಲ್ವ್ ಕೊಡುತ್ತಿದ್ದ ಐಸಿನ್ ಕಾರ್ಖಾನೆ ಸುಟ್ಟಿತು. ಟೊಯೋಟಾ ಹತ್ತಿರ ಇದ್ದ ಸ್ಟಾಕು ಕೆಲವೇ ಗಂಟೆಗಳದ್ದು. ಜಪಾನಿನ ಅದರ ಅಸೆಂಬ್ಲಿ ಲೈನುಗಳೇ ನಿಂತವು. ಸುತ್ತಮುತ್ತಲ ಕಂಪನಿಗಳು ತಮ್ಮ ತಮ್ಮ ಮಷಿನ್‌ನಲ್ಲಿ ಆ ವಾಲ್ವ್ ಮಾಡಿಕೊಟ್ಟು ವಾರದೊಳಗೆ ಲೈನ್ ಎಬ್ಬಿಸಿದವು. ಆ ನಂಟಿಗೆ ಯಾವ ಲೆಡ್ಜರ್‌ನಲ್ಲೂ ಬೆಲೆ ಬರೆದಿರಲಿಲ್ಲ. ಮುಂದೆ ಫೋರ್ಡ್ ಕಂಪನಿಗಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮ್ಚಿ-ಲೆವಿ ತಂಡ ಪ್ರತಿ ಸರಬರಾಜುದಾರ ಬಿದ್ದರೆ ಏಳಲು ಎಷ್ಟು ವಾರ ಬೇಕು ಅಂತ ಲೆಕ್ಕ ಹಾಕಿತು. ದೊಡ್ಡ ಅಪಾಯ ಇದ್ದ ಕಡೆಗಳಲ್ಲಿ ಎಷ್ಟೋ ಜನ ಪುಡಿಗಾಸಿನ ಭಾಗ ಕೊಡುವವರು.

ಈಗ ನಮ್ಮ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಬರೋಣ. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದದ್ದು, ವಾಹನ ಉರುಳಿಸಿದ್ದು ದೇಶವೆಲ್ಲ ನೋಡಿತು. ಆಮೇಲೆ ಕಾರ್ಖಾನೆ ಇಲಾಖೆಯ ವರದಿ ಬಂತು. ಸ್ವಲ್ಪ ಸಮಯದಲ್ಲೇ ಜನ 5,000ದಿಂದ 10,500ಕ್ಕೆ ಏರಿದ್ದರು. ಎಂಟು ಗಂಟೆಯ ಶಿಫ್ಟು ಹನ್ನೆರಡಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಅಕ್ಟೋಬರ್‌ನಿಂದಲೇ ಸರಿ ಇರಲಿಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿದ್ದನ್ನು ಆಪಲ್ ಕೂಡ ಒಪ್ಪಿತು, ವಿಸ್ಟ್ರಾನನ್ನು ಪ್ರೊಬೇಷನ್ ಮೇಲೆ, ಅಂದರೆ ನಿಗಾದಲ್ಲಿ, ಇಟ್ಟಿತು. ಕೊನೆಗೆ 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು.

ದಾಂಧಲೆ ಮಾಡಿದ್ದು ಸರಿ ಅಂತ ಯಾರೂ ಅನ್ನಲ್ಲ. ಆದರೆ ಎರಡು ತಿಂಗಳು ಹಾಜರಿ ಯಂತ್ರ ತಪ್ಪು ತೋರಿಸಿದರೆ ಏನರ್ಥ ಯೋಚಿಸಿ. ಕೆಜಿಎಫ್‌ನಿಂದಲೋ ಮುಳಬಾಗಿಲಿನಿಂದಲೋ ಬಸ್ಸು ಹತ್ತಿ ಬಂದವನು ಹನ್ನೆರಡು ಗಂಟೆ ನಿಂತು ದುಡಿದು, ಪೇ ಸ್ಲಿಪ್ಪಿನಲ್ಲಿ ಆಬ್ಸೆಂಟ್ ಅಂತ ನೋಡುತ್ತಾನೆ. ಯಾರನ್ನು ಕೇಳಬೇಕು? ಕಂಪನಿಯವರು ಕಂಟ್ರಾಕ್ಟರ್ ಕಡೆ ಕೈ ತೋರಿಸಿದರೆ, ಕಂಟ್ರಾಕ್ಟರ್ ಕಂಪನಿ ಕಡೆ. ಇಂಥ ದೂರು ವಾರಕ್ಕೆ ಎಷ್ಟು ಬಂತು, ಎಷ್ಟು ದಿನದಲ್ಲಿ ಮುಗಿಯಿತು ಅಂತ ಎಣಿಸಲು ಒಂದು ನೋಟ್‌ಬುಕ್ ಸಾಕು.

ಸರ್ಕಾರದ ಕಡೆಯಿಂದಲೂ ಲೆಕ್ಕ ಕೇಳುವುದು ಜಾಸ್ತಿಯಾಗಿದೆ. 2021ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತಂದ, ಕಂಪನಿಯ ಹೊಣೆಗಾರಿಕೆಯ ಲೆಕ್ಕ ಒಪ್ಪಿಸುವ ಬಿಆರ್‌ಎಸ್‌ಆರ್ ವರದಿ 2022-23ರಿಂದ ಷೇರುಪೇಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಕಡ್ಡಾಯ. ಗಾಯಾಳುಗಳೆಷ್ಟು, ಕೆಲಸ ಬಿಟ್ಟವರೆಷ್ಟು, ನೀರೆಷ್ಟು, ದೂರೆಷ್ಟು ಅಂತ ಅದರಲ್ಲಿ ಬರೆಯಬೇಕು. ನೀರಿನ ಕಾಲಂ ಕೋಲಾರದಲ್ಲಿ ಸುಮ್ನೆ ತುಂಬಿ ಕಳಿಸುವಂಥದ್ದಲ್ಲ. ಬೋರ್‌ವೆಲ್ ಬತ್ತಿ ಟ್ಯಾಂಕರ್ ತಡವಾದರೆ ಇಲ್ಲಿ ಪೇಂಟ್ ಶಾಪೇ ನಿಲ್ಲುತ್ತೆ.

ಅಂಕಿ ಬರೆದ ಮಾತ್ರಕ್ಕೆ ಓದಿದಂತಾಗಲ್ಲ. ನಮ್ಮ ಗೇಟಿನ ಬಳಿ 'ಅಪಘಾತವಿಲ್ಲದ ದಿನಗಳು' ಅಂತ ಬೋರ್ಡು ಇತ್ತು. ಪ್ರೆಸ್ಸಿನಲ್ಲಿ ಒಬ್ಬನ ಬೆರಳಿನ ತುದಿ ಜಜ್ಜಿದ ದಿನವೂ ಅಂಕಿ ಸೊನ್ನೆಗೆ ಇಳಿಯಲಿಲ್ಲ. ಮಾರನೇ ದಿನ ಕಸ್ಟಮರ್ ಆಡಿಟ್ ಇತ್ತು. ಗೈರುಹಾಜರಿಯೂ ಅಷ್ಟೆ. ಮೇ, ಜೂನ್‌ನಲ್ಲಿ ಶ್ರೀನಿವಾಸಪುರ ಕಡೆಯ ಹುಡುಗರು ಬರದಿದ್ದರೆ ಅದು ಮಾವಿನ ಕಾಯಿ ಕೀಳುವ ಕಾಲ, ಕೊಯ್ಲು ಮುಗಿಸಿ ವಾಪಸ್ ಬರುತ್ತಾರೆ. ಅವರೇ ಅಕ್ಟೋಬರ್‌ನಲ್ಲಿ ಬರದಿದ್ದರೆ ಬೇರೆ ವಿಷಯ. ಬೆಂಗಳೂರಿನ ಹೆಡ್ ಆಫೀಸಿನ ಕಂಪ್ಯೂಟರಿಗೆ ಎರಡೂ ಒಂದೇ ಕೆಂಪು ಗೆರೆ.

ಆ ಡ್ರೈವರ್‌ಗೆ ಮಾತ್ರ ಯಾರ ಮನೆಯಲ್ಲಿ ಮಾವಿನ ತೋಟ ಇದೆ ಅನ್ನುವುದೂ ಗೊತ್ತಿತ್ತು.